ಮೊದಲು ಕುರಿಯ ಗಂಟಲು ನೋಡಿ

ಬೆಳಗಿನ ಜಾವ ದಡ್ಡಿಗೆ ಹೋದಾಗ ಕುರಿ ಸತ್ತು ಬಿದ್ದಿದ್ದರೆ ಬಡಿಗೆ ಹುಡುಕಲು ಓಡಬೇಡಿ. ಮೊದಲು ಕುರಿಯ ಗಂಟಲು ನೋಡಿ. ತಾವರಗೇರಾ, ಕುಷ್ಟಗಿ ಸೀಮೆಯ ದನದ ದವಾಖಾನೆಗಳಲ್ಲಿ ತಲೆ ನರೆಯುವವರೆಗೆ ದುಡಿದವನು ನಾನು. ಓದು ಮುಗಿಸಿಯೋ ಅರ್ಧಕ್ಕೆ ಬಿಟ್ಟೋ ಊರಲ್ಲಿ ಉಳಿದಿರುವ, ಅಪ್ಪನ ಕುರಿಹಿಂಡನ್ನೂ ಕೈಯಲ್ಲಿನ ಮೊಬೈಲನ್ನೂ ಒಟ್ಟಿಗೆ ಸಂಭಾಳಿಸುವ ಹುಡುಗರು ನೀವು. ನಿಮಗೆ ಹೇಳಬೇಕೆಂದುಕೊಂಡ ಮಾತು ಈ ಸತ್ತ ಕುರಿಯಿಂದಲೇ ಶುರುವಾಗಬೇಕು.

ತೋಳ ಹಿಡಿದ ಕುರಿಯ ಗುರುತು ಬೇರೆ, ನಾಯಿ ಕಚ್ಚಿದ ಕುರಿಯ ಗುರುತು ಬೇರೆ. ತೋಳ ಸಾಮಾನ್ಯವಾಗಿ ಗಂಟಲಿಗೆ ಬಾಯಿ ಹಾಕುತ್ತದೆ. ಮೇಲಿಂದ ನೋಡಿದರೆ ಉಣ್ಣೆಯ ಮೇಲೆ ನಾಲ್ಕು ಹನಿ ರಕ್ತ ಕಂಡೀತು, ಅಷ್ಟೆ. ಡಾಕ್ಟರು ಕತ್ತಿನ ತೊಗಲು ಬಿಡಿಸುವಾಗ ಪಕ್ಕದಲ್ಲಿ ನಿಂತು ನೋಡಿ: ಒಳಗೆ ಹಲ್ಲಿನ ಆಳವಾದ ತೂತುಗಳು, ಸುತ್ತ ಹೆಪ್ಪುಗಟ್ಟಿದ ಕಪ್ಪು ರಕ್ತ. ನಾಯಿಗಳ ಗುಂಪು ನುಗ್ಗಿದ್ದರೆ ತೊಡೆ, ಬಾಲ, ಕೆಚ್ಚಲು, ಕಿವಿ ಎಲ್ಲ ಸಿಕ್ಕಸಿಕ್ಕಲ್ಲಿ ಹರಿದಿರುತ್ತದೆ. ಹತ್ತಾರು ಕುರಿಗಳಿಗೆ ಗಾಯವಾಗಿರುತ್ತದೆ, ಒಂದನ್ನೂ ಪೂರ್ತಿ ತಿಂದಿರುವುದಿಲ್ಲ. ಮೂರನೆಯದೂ ಒಂದಿದೆ. ಎಳೆ ಜೋಳದ ಕೂಳೆ ಮೇಯ್ದು ವಿಷವೇರಿ ಸತ್ತದ್ದು, ಮೊದಲ ಮಳೆಯ ಹಸಿರು ತಿಂದು ಕರುಳುಬೇನೆಯಿಂದ ರಾತ್ರೋರಾತ್ರಿ ಹೋದದ್ದು. ಅಂಥ ಹೆಣವನ್ನು ಆಮೇಲೆ ಯಾವುದೋ ಪ್ರಾಣಿ ಬಂದು ಎಳೆದಾಡಿರುತ್ತದೆ. ಕಚ್ಚಿದ ಜಾಗದ ತೊಗಲ ಕೆಳಗೆ ರಕ್ತ ಹೆಪ್ಪುಗಟ್ಟಿಲ್ಲವೆಂದರೆ, ಹಲ್ಲು ತಾಗುವ ಹೊತ್ತಿಗೆ ಕುರಿಯಲ್ಲಿ ಜೀವವೇ ಇರಲಿಲ್ಲ. (ಮೂಗಿನಿಂದ, ಗುದದಿಂದ ಕಪ್ಪು ರಕ್ತ ಸೋರುತ್ತಿದ್ದರೆ ಮಾತ್ರ ಯಾರೂ ಮುಟ್ಟಬೇಡಿ, ಕೊಯ್ಯಲೂ ಬೇಡಿ. ಅದು ನೆರಡಿ ಇರಬಹುದು. ಮನುಷ್ಯರಿಗೂ ಅಂಟುವ ರೋಗ.)

ಇಷ್ಟು ನೋಡುವ ತಾಳ್ಮೆ ನಮ್ಮಲ್ಲಿಲ್ಲ. ಮೂರರಲ್ಲಿ ಯಾವುದೇ ಆಗಿರಲಿ, ಊರು ಹೇಳುವುದು ಒಂದೇ: "ತ್ವಾಳ ಬಂದಿತ್ತು." ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆಯನ್ನು ನಮ್ಮ ಹಿರಿಯರು ಮನುಷ್ಯರ ಗುಣ ಹೇಳಲಿಕ್ಕೆ ಕಟ್ಟಿದರು. ನಮ್ಮ ಸೀಮೆಯಲ್ಲಿ ಅದು ತೋಳದ ಮೇಲೆಯೇ ನಡೆದದ್ದನ್ನೂ ಕಂಡಿದ್ದೇನೆ. ಒಮ್ಮೆ ಒಂದು ಹಳ್ಳಿಯ ಹೊರಗೆ ಕುರಿ ನೋಡಲು ಕರೆದಿದ್ದರು. ನಾನು ಹೋಗುವಷ್ಟರಲ್ಲಿ ಹಳ್ಳದ ದಂಡೆಯ ಗವಿಯ ಬಾಯಿಗೆ ಸೊಪ್ಪೆ ಒಟ್ಟಿ ಬೆಂಕಿ ಕೊಟ್ಟಾಗಿತ್ತು. ಹೊಗೆ ಆರಿದ ಮೇಲೆ ಒಬ್ಬ ಹುಡುಗ ಕೋಲು ಹಾಕಿ ಎಳೆದ. ಕಣ್ಣು ಆಗತಾನೇ ಬಿಟ್ಟಿದ್ದ ಮರಿಗಳು, ಕಂದು ಕಪ್ಪು ರೋಮ, ಹೊಟ್ಟೆಯ ಕೆಳಗೆ ಇನ್ನೂ ನುಣುಪು ತೊಗಲು. ಆಮೇಲೆ ಕುರಿ ನೋಡಿದೆ. ಐದಾರು ಕುರಿಗಳ ತೊಡೆ ಹರಿದಿತ್ತು. ಗಂಟಲಿಗೆ ಒಂದಕ್ಕೂ ಹಲ್ಲು ತಾಗಿರಲಿಲ್ಲ.

ನೀವು ಮೊಬೈಲಿನಲ್ಲಿ ಆಫ್ರಿಕಾದ ಸಿಂಹ, ಚೀತಾ, ಆನೆಗಳನ್ನು ನೋಡುತ್ತೀರಿ. ಅಲ್ಲಿ ದಂತಕ್ಕಾಗಿ ಆನೆ ಕೊಂದರೆಂದು ಬೇಜಾರು ಮಾಡಿಕೊಳ್ಳುತ್ತೀರಿ. ಆ ಮರುಕ ಒಳ್ಳೆಯದೇ. ಆದರೆ ನಮ್ಮ ತೋಳದ ಲೆಕ್ಕ ಎಷ್ಟು ಜನಕ್ಕೆ ಗೊತ್ತಿದೆ? 2022ರ ಗಣತಿಯ ಅಂದಾಜಿನಂತೆ ದೇಶದಲ್ಲಿ ಹುಲಿಗಳು 3,682. ತೋಳಗಳು ಮೂರು ಸಾವಿರದ ಆಸುಪಾಸು. ಹುಲಿಗಿಂತ ಕಡಿಮೆ ಉಳಿದಿರುವ ಪ್ರಾಣಿ ನಮ್ಮ ಮಸಾರಿ ಹೊಲದ ಬದುವಿನ ಮೇಲೆ ಓಡಾಡಿಕೊಂಡಿದೆ. ಬ್ರಿಟಿಷರ ಕಾಲದಲ್ಲಿ, 1875ರಿಂದ 1925ರವರೆಗಿನ ಐವತ್ತು ವರ್ಷದಲ್ಲಿ, ಇನಾಮಿನ ಆಸೆಗೆ ಎರಡು ಲಕ್ಷ ತೋಳಗಳನ್ನು ಕೊಂದರೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅದರಿಂದಲೂ ಉಳಿದು ಬಂದ ಕುಲ ಇದು.

ನಮ್ಮ ಕೊಪ್ಪಳ ಜಿಲ್ಲೆಗೆ ಒಂದು ಹೆಮ್ಮೆ ಬಂದಿದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸರ್ಕಾರ ತೋಳಧಾಮ ಮಾಡಿದೆ. ಸುಮಾರು 332 ಹೆಕ್ಟೇರ್ ಕುರುಚಲು, ಬಂಡೆ, ಹುಲ್ಲು. 2025ರಲ್ಲಿ ಅಲ್ಲಿ ಒಂದು ತೋಳ ಎಂಟು ಮರಿ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ನನಗಾದ ಸಂತೋಷ ಹೇಳತೀರದು. ಆದರೆ ಲೆಕ್ಕ ಮಾಡಿ ನೋಡಿ. 332 ಹೆಕ್ಟೇರ್ ಅಂದರೆ ಮೂರು ಚದರ ಕಿಲೋಮೀಟರಿಗಿಂತ ಚೂರು ಹೆಚ್ಚು. ತೋಳಗಳ ಒಂದು ಗುಂಪು ಬದುಕಲಿಕ್ಕೆ ನೂರು, ಇನ್ನೂರು ಚದರ ಕಿಲೋಮೀಟರ್ ತಿರುಗುತ್ತದೆ. ಬಂಕಾಪುರ ಅದಕ್ಕೆ ಬಾಣಂತನದ ತವರುಮನೆ ಮಾತ್ರ. ಬಾಳುವೆ ನಡೆಯಬೇಕಾದದ್ದು ನಮ್ಮ ಹೊಲ, ಹಳ್ಳ, ಗೋಮಾಳಗಳಲ್ಲೇ. ಸಿಂಹಕ್ಕೆ, ಹುಲಿಗೆ ಕಾಡೊಂದಿದೆ, ಗಾರ್ಡುಗಳಿದ್ದಾರೆ, ಗೇಟಿದೆ. ನಮ್ಮ ತೋಳಕ್ಕೆ ಗೇಟಿಲ್ಲ. ಅರಣ್ಯ ಇಲಾಖೆಯವರು ಎಷ್ಟೇ ನಿಷ್ಠೆಯಿಂದ ದುಡಿದರೂ ಪ್ರತಿ ಹೊಲದ ಬದುವಿಗೆ ಒಬ್ಬರನ್ನು ನಿಲ್ಲಿಸಲಾರರು. ಕುಷ್ಟಗಿ ತಾಲ್ಲೂಕಿನಲ್ಲಿ ತೋಳ ಉಳಿಯುತ್ತದೋ ಇಲ್ಲವೋ ಎಂಬುದು ನಿಮ್ಮ ವಯಸ್ಸಿನವರು ಮುಂದಿನ ಹತ್ತಿಪ್ಪತ್ತು ವರ್ಷ ಹೇಗೆ ನಡೆದುಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿದೆ. ದೊಡ್ಡವರು ಮಾಡುತ್ತಾರೆ ಬಿಡಿ ಎಂದು ಕೂತರೆ ಆಗದು.

ನಮ್ಮ ಕಡೆ ತೋಳ ಮರಿ ಹಾಕುವುದು ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚಿನೊಳಗೆ. ಆ ದಿನಗಳಲ್ಲಿ ಹಳ್ಳದ ದಂಡೆಯ ಪೊಟರೆ, ಬಂಡೆಗಳ ಸಂದು, ಜಾಲಿ ಮೆಳೆಯ ಬುಡದಲ್ಲಿ ಹೊಸದಾಗಿ ಕೆದರಿದ ಮಣ್ಣು ಕಂಡರೆ, ಅಲ್ಲಲ್ಲಿ ಮೂಳೆ ಬಿದ್ದಿದ್ದರೆ, ಹಿಂದಕ್ಕೆ ಬನ್ನಿ. ಕಲ್ಲು ತುಂಬಬೇಡಿ, ಹೊಗೆ ಹಾಕಬೇಡಿ, ಇಣುಕಿ ನೋಡಲೂ ಹೋಗಬೇಡಿ. ಮನುಷ್ಯರ ವಾಸನೆ ಹತ್ತಿದರೆ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ. ದಾರಿಯಲ್ಲಿ ಕೆಲವು ಸಾಯಬಹುದು. ಇನ್ನು ರೀಲ್ಸಿನ ಮಾತು. ನಿಮಗೆ ತೋಳ ಕಂಡರೆ ವಿಡಿಯೊ ಮಾಡುವ ಆಸೆ ಆಗುತ್ತದೆ, ನನಗೆ ತಿಳಿಯುತ್ತದೆ. ದೂರದಿಂದ ಮಾಡಿಕೊಳ್ಳಿ. ಯಾವ ಊರು, ಯಾವ ಹಳ್ಳ ಎಂದು ಹಾಕಬೇಡಿ. ಹಾಕಿದ ಮರುದಿನ ಅಲ್ಲಿಗೆ ಬೈಕು ಬರುತ್ತವೆ, ಅದರ ಮರುದಿನ ಬೇಟೆನಾಯಿ ಬರುತ್ತವೆ. ಬೈಕಿನಲ್ಲಿ ತೋಳವನ್ನು ಅಟ್ಟಿಸಿಕೊಂಡು ಹೋಗಿ ನಗುವ ವಿಡಿಯೊ ಒಂದನ್ನು ಯಾರೋ ತೋರಿಸಿದರು. ಅದರ ನಾಲಿಗೆ ಹೊರಗೆ ಜೋತುಬಿದ್ದಿತ್ತು. ನೋಡಿ ಮನಸ್ಸು ಕಿವುಚಿದಂತಾಯಿತು.

ಎಲ್ಲಕ್ಕಿಂತ ಹೆಚ್ಚು ಕಳಕಳಿಯಿಂದ ಹೇಳುವುದು ವಿಷದ ಬಗ್ಗೆ. ಸತ್ತ ಕುರಿಯ ಮೇಲೆ ಹೊಲಕ್ಕೆ ಹಾಕುವ ಹರಳು ವಿಷ ಉದುರಿಸಿ ಬಿಟ್ಟು ಬಂದರೆ ತೋಳ ಸಾಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂಬ ಎಣಿಕೆ. ಅದೇ ಎಣಿಕೆ ಕೀನ್ಯಾದಲ್ಲೂ ಇತ್ತು. ನಾವು ಹುಳಕ್ಕೆ ಹಾಕುತ್ತಿದ್ದ ಕಾರ್ಬೋಫ್ಯುರಾನನ್ನೇ ಅಲ್ಲಿನ ದನಗಾಹಿಗಳು ಸಿಂಹಕ್ಕೆ ಹಾಕಿದರು. ಸಿಂಹಗಳು ಸತ್ತವು, ಸತ್ತ ಸಿಂಹದ ಮೇಲೆ ಇಳಿದ ರಣಹದ್ದುಗಳು ಸತ್ತವು, ಕತ್ತೆಕಿರುಬ, ನರಿ ಸತ್ತವು. ಕೊನೆಗೆ ತಯಾರಕರೇ ಆ ಮಾಲನ್ನು ಕೀನ್ಯಾದ ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಬೋಟ್ಸ್‌ವಾನಾದಲ್ಲಿ 2019ರಲ್ಲಿ ಕಳ್ಳಬೇಟೆಗಾರರು ಮೂರು ಆನೆ ಕೊಂದು ಹೆಣಕ್ಕೆ ವಿಷ ಬಳಿದರು, ಮೇಲೆ ಹಾರುವ ಹದ್ದುಗಳಿಂದ ತಮ್ಮ ಸುಳಿವು ಸಿಗಬಾರದೆಂದು. 537 ರಣಹದ್ದುಗಳು ಒಂದೇ ಕಡೆ ಸತ್ತು ಬಿದ್ದವು. ವಿಷ ಗುರುತು ಹಿಡಿದು ಕೊಲ್ಲುವುದಿಲ್ಲ ತಮ್ಮಗಳಿರಾ. ನಮ್ಮಲ್ಲೂ ಅದು ಮೊದಲು ತಿನ್ನುವುದು ನಿಮ್ಮ ಪಕ್ಕದ ಮನೆಯ ನಾಯಿಯನ್ನು, ಆಮೇಲೆ ಹದ್ದು, ಕಾಗೆ, ನವಿಲನ್ನು. ವಿಷ ಉದುರಿಸಿದ ಕೈಯನ್ನೇ ಒರೆಸಿಕೊಂಡು ನೀವು ರೊಟ್ಟಿ ಮುರಿಯುತ್ತೀರಿ.

ಆಫ್ರಿಕಾದಿಂದ ಕಲಿಯಬೇಕಾದದ್ದೂ ಇದೆ. ಕೀನ್ಯಾದ ಅಂಬೋಸೆಲಿ ಕಡೆಯ ಮಸಾಯಿ ಜನ ನಮ್ಮ ಹಾಲುಮತದವರ ಹಾಗೆ ದನ ಕುರಿ ನಂಬಿ ಬದುಕುವವರು. ಅವರಲ್ಲಿ ವಯಸ್ಸಿಗೆ ಬಂದ ಹುಡುಗ ಈಟಿ ಹಿಡಿದು ಸಿಂಹ ಕೊಂದರೆ ಊರಿಗೆಲ್ಲ ಹೆಸರಾಗುತ್ತಿತ್ತು. 2007ರಲ್ಲಿ ಅಲ್ಲಿ 'ಲಯನ್ ಗಾರ್ಡಿಯನ್ಸ್' ಎಂಬ ಕೆಲಸ ಶುರುವಾಯಿತು. ಸಿಂಹ ಕೊಲ್ಲುತ್ತಿದ್ದ ಆ ಹುಡುಗರನ್ನೇ ಸಿಂಹ ಕಾಯಲು ನೇಮಿಸಿದರು. ಅವರು ಬೆಳಗ್ಗೆ ಎದ್ದು ಹೆಜ್ಜೆ ಗುರುತು ಹಿಡಿದು ಹೋಗಿ ಸಿಂಹ ಎಲ್ಲಿದೆ ಎಂದು ತಿಳಿದುಕೊಳ್ಳುತ್ತಾರೆ. ಇವತ್ತು ಆ ಕಡೆ ದನ ಹೊಡೆಯಬೇಡಿ ಎಂದು ಹಟ್ಟಿಗಳಿಗೆ ಹೇಳುತ್ತಾರೆ. ತಪ್ಪಿಸಿಕೊಂಡ ದನ ಹುಡುಕಿ ತರುತ್ತಾರೆ, ಮುಳ್ಳಿನ ದೊಡ್ಡಿ ಹರಿದಿದ್ದರೆ ಕಟ್ಟಿಕೊಡುತ್ತಾರೆ. ಒಂದೊಂದು ಸಿಂಹಕ್ಕೂ ಹೆಸರಿಟ್ಟಿದ್ದಾರೆ. ಓದು ಬರಹ ಕಲಿಯದಿದ್ದ ಎಷ್ಟೋ ಹುಡುಗರು ಈ ಕೆಲಸದ ನೆವದಿಂದ ಅಕ್ಷರ ಕಲಿತರು. ನೀವು ಅವರಿಗಿಂತ ಹೆಚ್ಚು ಓದಿದವರು. ಹೆಜ್ಜೆ ನೋಡಿ ನಾಯಿಯೋ ತೋಳವೋ ಎಂದು ಹೇಳುವ ಮುದುಕರು ನಮ್ಮ ಹಟ್ಟಿಗಳಲ್ಲಿ ಇನ್ನೂ ಇದ್ದಾರೆ. ಅವರ ಜೊತೆ ಒಂದು ಹಂಗಾಮು ತಿರುಗಿ. ಅವರು ಹೋದ ಮೇಲೆ ಆ ವಿದ್ಯೆಯನ್ನು ಯಾವ ಯೂಟ್ಯೂಬೂ ಕಲಿಸುವುದಿಲ್ಲ.

ಕುರಿ ಕಾಯುವ ವಿಷಯದಲ್ಲಿ ನಮ್ಮ ಹಿರಿಯರ ಕ್ರಮ ಬಿಟ್ಟದ್ದೇ ಅರ್ಧ ನಷ್ಟಕ್ಕೆ ಕಾರಣ ಎಂಬುದು ನನ್ನ ಅನುಭವ. ಹೊಲದಲ್ಲಿ ಕುರಿ ತರುಬಿದಾಗ ಸುತ್ತ ಬಲೆ ಬಿಗಿಯಾಗಿ ಕಟ್ಟುತ್ತಿದ್ದರು, ಮರಿಗಳನ್ನು ನಡುವೆ ಹಾಕುತ್ತಿದ್ದರು, ನಾಲ್ಕು ಮೂಲೆಗೆ ನಾಯಿ ಮಲಗುತ್ತಿದ್ದವು, ಒಬ್ಬರಾದರೂ ಎಚ್ಚರಿರುತ್ತಿದ್ದರು. ಈಗ ಬಲೆ ಹರಿದಿದ್ದರೂ ನಡೆಯುತ್ತದೆ, ಕಾಯುವವನು ಮೊಬೈಲು ನೋಡುತ್ತ ನಿದ್ದೆ ಹೋಗಿರುತ್ತಾನೆ. ನಾಯಿಯನ್ನಂತೂ ಕೈಬಿಟ್ಟಿದ್ದೇವೆ. ನಮೀಬಿಯಾದ ರೈತರು ಚೀತಾಗಳನ್ನು ಕಂಡಲ್ಲಿ ಗುಂಡು ಹೊಡೆಯುತ್ತಿದ್ದರು. 1994ರಿಂದ ಅಲ್ಲಿನ ಚೀತಾ ಸಂರಕ್ಷಣೆಯವರು ಟರ್ಕಿಯ ಕುರಿಕಾಯುವ ಜಾತಿಯ ನಾಯಿಮರಿಗಳನ್ನು ರೈತರಿಗೆ ಕೊಡುತ್ತ ಬಂದರು. ಮರಿ ಇದ್ದಾಗಿನಿಂದ ಕುರಿಗಳ ನಡುವೆಯೇ ಬೆಳೆದ ಆ ನಾಯಿ ಹಿಂಡನ್ನು ತನ್ನ ಬಳಗವೆಂದೇ ತಿಳಿಯುತ್ತದೆ. ಅದು ಎದ್ದು ಬೊಗಳಿದರೆ ಸಾಕು, ಚೀತಾ ಬೇರೆ ದಾರಿ ಹಿಡಿಯುತ್ತದೆ. ಕುರಿ ಸಾಯುವುದು ಬಹಳ ಕಡಿಮೆಯಾಯಿತು, ಕೋವಿಯ ಸದ್ದೂ ಕಡಿಮೆಯಾಯಿತು. ಅಮೀನಗಡದ ಸಂತೆಯಲ್ಲಿ ಒಂದು ಟಗರಿಗೆ ನೀವು ಕೊಡುವ ದುಡ್ಡಿನ ಮುಂದೆ ಒಂದು ಒಳ್ಳೆಯ ಹಟ್ಟಿನಾಯಿ ಸಾಕುವ ಖರ್ಚು ಯಾವ ಲೆಕ್ಕ?

ಸಾಕಿದ ನಾಯಿಗೆ ಲಸಿಕೆ ಹಾಕಿಸಿ. ದನದ ಡಾಕ್ಟರನ ಬಾಯಲ್ಲಿ ಈ ಮಾತು ಬರಲೇಬೇಕು. ಇಥಿಯೋಪಿಯಾದ ಎತ್ತರದ ಬೆಟ್ಟಗಳಲ್ಲಿ ಕೆಂಪು ತೋಳವೊಂದಿದೆ, ಲೋಕದಲ್ಲಿ ಐದುನೂರೂ ಉಳಿದಿಲ್ಲ. ಬೆಟ್ಟದ ಹುಲ್ಲುಗಾವಲು ಹೊಲವಾಗುತ್ತ ಬಂತು, ಜನರ ಜೊತೆ ನಾಯಿ ಬಂದವು, ನಾಯಿಯಿಂದ ಹುಚ್ಚುರೋಗ ಬಂತು. 2003ರಲ್ಲಿ ಬಾಲೆ ಬೆಟ್ಟದ ಒಂದು ಕಣಿವೆಯ ತೋಳಗಳಲ್ಲಿ ಬಹುಪಾಲು ಈ ರೋಗಕ್ಕೇ ಬಲಿಯಾದವು. ಆಮೇಲೆ ತೋಳಗಳನ್ನೇ ಹಿಡಿದು ಲಸಿಕೆ ಹಾಕಿ, ಹಳ್ಳಿಹಳ್ಳಿ ತಿರುಗಿ ನಾಯಿಗಳಿಗೂ ಹಾಕಿದ್ದರಿಂದ ಉಳಿದವು ಉಳಿದುಕೊಂಡವು. ನಮ್ಮಲ್ಲಿ ಇನ್ನೊಂದು ಗಂಡಾಂತರವೂ ಕಾಣುತ್ತಿದೆ: ಪುಣೆಯ ಸುತ್ತ ತೋಳ ನಾಯಿ ಕೂಡಿ ಹುಟ್ಟಿದ ಬೆರಕೆ ಮರಿಗಳು ಪತ್ತೆಯಾಗಿವೆ. ಊರ ಹೊರಗೆ ಕೋಳಿ ಅಂಗಡಿಯ ಕಸ ಸುರಿದಷ್ಟೂ ಬೀದಿನಾಯಿ ಹೆಚ್ಚುತ್ತವೆ, ರಾತ್ರಿ ಅವೇ ಗುಂಪು ಕಟ್ಟಿ ದಡ್ಡಿಗೆ ನುಗ್ಗುತ್ತವೆ, ಬೆಳಗ್ಗೆ ಹೆಸರು ತೋಳದ್ದು.

ತೋಳ ಸಾಧು ಪ್ರಾಣಿ ಎಂದು ನಾನು ಹೇಳುವುದಿಲ್ಲ. ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ 2024ರಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಯಾರೂ ಹಾಗೆ ಹೇಳಲಾಗದು. ಹುಚ್ಚು ಹಿಡಿದ ತೋಳ ಹಾಡಹಗಲೇ ಊರಿಗೆ ನುಗ್ಗಿ ಸಿಕ್ಕವರನ್ನು ಕಚ್ಚಬಹುದು. ಕಚ್ಚಿದರೆ ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ಗಾಯ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ನಾಟಿ ಔಷಧ, ಅರಿಶಿನ, ಸುಣ್ಣ ಎಂದು ಒಂದು ದಿನವನ್ನೂ ಕಳೆಯಬಾರದು. ಆದರೆ ಒಂದು ಹುಚ್ಚು ತೋಳದ ತಪ್ಪಿಗೆ ಇಡೀ ಗುಡ್ಡದ ಗವಿಗಳಿಗೆ ಬೆಂಕಿ ಇಡುವುದು ನ್ಯಾಯವಲ್ಲ. ಇಲಾಖೆಯನ್ನು ಕರೆಯಿರಿ, ಅರಣ್ಯ ಸಹಾಯವಾಣಿ 1926. ನಿಜವಾಗಿ ತೋಳವೇ ಕುರಿ ಹಿಡಿದಿದ್ದರೆ ಹೆಣ ಕದಲಿಸದೆ ಫೋಟೊ ತೆಗೆದು, ಪಶುವೈದ್ಯರಿಂದ ಬರೆಸಿಕೊಂಡು ಪರಿಹಾರಕ್ಕೆ ಅರ್ಜಿ ಹಾಕಿ. ಎಷ್ಟೋ ಕುರಿಗಾರರು ಕಚೇರಿ ಅಲೆದಾಟಕ್ಕೆ ಬೇಸತ್ತು ಅರ್ಜಿಯನ್ನೇ ಹಾಕುವುದಿಲ್ಲ, ಸಿಟ್ಟನ್ನು ತೋಳದ ಮೇಲೆ ತೀರಿಸುತ್ತಾರೆ. ಇಲ್ಲಿ ನಿಮ್ಮ ಓದು ಕೆಲಸಕ್ಕೆ ಬರಬೇಕು. ಓದಲು ಬಾರದ ಆ ಅಜ್ಜನ ಅರ್ಜಿಯನ್ನು ನೀವು ತುಂಬಿಕೊಡಿ, ಹಣ ಬರುವವರೆಗೆ ಬೆನ್ನು ಹತ್ತಿ. ಒಬ್ಬ ಕುರಿಗಾರನಿಗೆ ಹೊತ್ತಿಗೆ ಸರಿಯಾಗಿ ಪರಿಹಾರ ಕೊಡಿಸಿದರೆ ಒಂದು ಹಿಡಿ ವಿಷ ತಪ್ಪಿಸಿದಿರಿ ಎಂದೇ ತಿಳಿಯಿರಿ.

ಬೇಟೆಯ ಬಗ್ಗೆ ಬಹಳ ಹೇಳುವುದಿಲ್ಲ. ಚಿಗರಿಗೆ ಉರುಲು, ಮೊಲಕ್ಕೆ ಬಲೆ, ಹಂದಿಗೆ ಸಿಡಿಮದ್ದು ಯಾವುದೂ ಬೇಡ. ಚಿಗರಿಯೂ ತೋಳವೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕೊಂದರೆ ಮೂರರಿಂದ ಏಳು ವರ್ಷ ಜೈಲು. ಹಬ್ಬದ ಹೆಸರಿನಲ್ಲಿ ಹೊಡೆದರೂ ಕಾನೂನು ಒಂದೇ. ಚಿಗರಿ ಹಿಂಡು ಕಡಲೆ, ಹೆಸರು ಚಿಗುರು ಮೇಯ್ದು ಹಾಳು ಮಾಡುತ್ತದೆಂಬ ಯಲಬುರ್ಗಾ, ಕುಕನೂರು ಕಡೆಯ ರೈತರ ಸಂಕಟ ಸುಳ್ಳಲ್ಲ. ಆದರೆ ಚಿಗರಿಯನ್ನು ಹಿಡಿದು ತಿನ್ನುತ್ತಿದ್ದ ಪ್ರಾಣಿಗಳನ್ನು ನಾವೇ ಕಳೆದುಕೊಂಡೆವು. ಒಂದು ಕಾಲಕ್ಕೆ ದಖ್ಖನಿನ ಬಯಲಿನಲ್ಲಿ ಚೀತಾ ಚಿಗರಿಯ ಬೆನ್ನು ಹತ್ತುತ್ತಿತ್ತು. ರಾಜರು ಅದನ್ನೇ ಹಿಡಿದು ಪಳಗಿಸಿ ಬೇಟೆಗೆ ಬಿಡುತ್ತಿದ್ದರು. ನಮ್ಮ ಚೀತಾ ಸಿಗದಾದಾಗ ಕೊಲ್ಹಾಪುರದಂಥ ಸಂಸ್ಥಾನಗಳು ಆಫ್ರಿಕಾದಿಂದ ಚೀತಾ ತರಿಸಿಕೊಂಡವು. 1952ರಲ್ಲಿ ಚೀತಾ ದೇಶದಲ್ಲಿ ನಿರ್ನಾಮವಾಯಿತೆಂದು ಸರ್ಕಾರವೇ ಹೇಳಿತು. ಎಪ್ಪತ್ತು ವರ್ಷದ ಮೇಲೆ, 2022ರ ಸೆಪ್ಟೆಂಬರ್ 17ರಂದು, ನಮೀಬಿಯಾದಿಂದ ಎಂಟು ಚೀತಾ ವಿಮಾನದಲ್ಲಿ ಬಂದು ಮಧ್ಯಪ್ರದೇಶದ ಕುನೊ ಕಾಡು ಸೇರಿದವು. ಕಳೆದದ್ದನ್ನು ಮರಳಿ ತರುವುದು ಎಷ್ಟು ಕಷ್ಟ ಎಂಬುದನ್ನು ಆಮೇಲಿನ ಸಾವುಗಳ ಸುದ್ದಿಯಲ್ಲಿ ಓದಿದ್ದೀರಿ. ನಮ್ಮ ತೋಳ ಇನ್ನೂ ಇದೆ. ಅದನ್ನು ಯಾವ ದೇಶದಿಂದಲೂ ತರಬೇಕಾಗಿಲ್ಲ.

ಕೊನೆಗೆ ನೆಲದ ಮಾತು, ಇದೇ ದೊಡ್ಡದು. ತೋಳ ಸಾಯುವುದು ಬಡಿಗೆಯಿಂದ ಕಾಲುಭಾಗವಾದರೆ ಜಾಗ ಹೋಗಿ ಮುಕ್ಕಾಲು ಭಾಗ ಎಂದು ನನಗನ್ನಿಸುತ್ತದೆ. ಕುಷ್ಟಗಿ ಸೀಮೆಯ ಗುಡ್ಡಗಳಿಗೆ ಗ್ರಾನೈಟಿನ ಕಣ್ಣು ಬಿದ್ದು ಬಹಳ ವರ್ಷವಾಯಿತು. ಗಾಳಿ ಗಿರಣಿ ಬಂದವು, ಸೋಲಾರ್ ಬಂತು, ಹೆದ್ದಾರಿ ಅಗಲವಾಯಿತು, ಕುಷ್ಟಗಿಗೆ ರೈಲೂ ಬಂತು. ಇವು ಬೇಡವೆನ್ನಲು ನನಗೆ ಬಾಯಿಲ್ಲ. ಕ್ವಾರಿಯ ಕೂಲಿಯಿಂದ ಒಲೆ ಉರಿಯುವ ಮನೆಗಳು ನನ್ನ ಓಣಿಯಲ್ಲೇ ಇವೆ. ಆದರೆ ಎಲ್ಲ ಗುಡ್ಡವನ್ನೂ ಒಡೆಯಬೇಕೆಂದೇನಿಲ್ಲ. ಸರ್ಕಾರದ ದಾಖಲೆಯಲ್ಲಿ ಪಾಳು ಎಂದು ಬರೆದ ನೆಲದಲ್ಲಿ ಬಾರಿ, ಕವಳಿ, ಹುಲ್ಲು ಬೆಳೆಯುತ್ತವೆ, ನಿಮ್ಮ ಕೆಂಗುರಿ ಮೇಯುತ್ತವೆ, ತೋಳ ಮರಿ ಹಾಕುತ್ತದೆ. ಆ ನೆಲ ಹೋದರೆ ತೋಳಕ್ಕಿಂತ ಮೊದಲು ಬೀದಿಗೆ ಬೀಳುವುದು ಕುರಿಗಾರ. ಪರಿಸರ ದಿನದಂದು ಹುಲ್ಲುಗುಡ್ಡದ ಮೇಲೆ ಗುಂಡಿ ತೋಡಿ ಸಸಿ ನೆಡುವ ಶಾಲಾ ಕಾಲೇಜಿನ ಮಕ್ಕಳಿಗೂ ಹೇಳುತ್ತೇನೆ: ಗಿಡವನ್ನು ರಸ್ತೆ ಬದಿಗೆ, ಹೊಲದ ಬದುವಿಗೆ, ಶಾಲೆಯ ಅಂಗಳಕ್ಕೆ ನೆಡಿ. ಹುಲ್ಲನ್ನು ಹುಲ್ಲಾಗಿಯೇ ಬಿಡಿ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳದಂತೆ ನೋಡಿಕೊಳ್ಳಿ. ನಮ್ಮ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಯ ಮೇಲೆ ಮಾತು ಬರೆಸಿದ ಅಶೋಕ, ಉತ್ತರದ ಕಂಬಗಳ ಮೇಲೆ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನೇ ಕೊರೆಸಿದ್ದಾನೆ. ಹಾಲೂಡುವ ತಾಯಿಯನ್ನು, ಆರು ತಿಂಗಳೊಳಗಿನ ಮರಿಯನ್ನು ಕೊಲ್ಲಬೇಡಿ, ಸುಮ್ಮಸುಮ್ಮನೆ ಕಾಡಿಗೆ ಬೆಂಕಿ ಇಡಬೇಡಿ ಎಂದು ಅದರಲ್ಲಿ ಬರೆಸಿದ್ದಾನೆ. ಅವನು ಹೇಳಿದ್ದು ಆಡು, ಕುರಿ, ಹಂದಿಗಳ ತಾಯಂದಿರ ಮಾತು. ನಾನು ಅದಕ್ಕೆ ತೋಳದ ತಾಯಿಯನ್ನೂ ಸೇರಿಸಿಕೊಳ್ಳುತ್ತೇನೆ.

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ಈ ವರ್ಷ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಊರಿನ ಗೋಮಾಳದ ಸರ್ವೆ ನಂಬರುಗಳನ್ನು ಗ್ರಾಮ ಆಡಳಿತಾಧಿಕಾರಿಯಿಂದ ಬರೆದು ತನ್ನಿ. ಎಷ್ಟು ಎಕರೆ ಇತ್ತು, ಈಗ ಎಷ್ಟಿದೆ, ಯಾರ ಒತ್ತುವರಿಯಲ್ಲಿದೆ, ಯಾವುದನ್ನು ಯಾತಕ್ಕೆ ಕೊಡುವ ಪ್ರಸ್ತಾವವಿದೆ ಎಂದು ತಿಳಿದುಕೊಳ್ಳಿ. ಮುಂದಿನ ಗ್ರಾಮಸಭೆಗೆ ಹತ್ತು ಹುಡುಗರು, ಹತ್ತು ಹುಡುಗಿಯರು ಒಟ್ಟಾಗಿ ಹೋಗಿ, ಕುರಿಗಾರರನ್ನೂ ಕರೆದುಕೊಂಡು. ಉಳಿದಿರುವ ಗೋಮಾಳ, ಹಳ್ಳದ ದಂಡೆ ಊರಿನ ಮೇವಿಗೇ ಇರಬೇಕೆಂದು ಠರಾವು ಬರೆಸಿ, ನಕಲು ತೆಗೆದುಕೊಳ್ಳಿ. ಹತ್ತಿರದ ಕ್ವಾರಿಯವರ ಬಳಿ ಹೋಗಿ, ಗವಿ ಇರುವ ಕಡೆ ಮರಿ ಹಾಕುವ ತಿಂಗಳುಗಳಲ್ಲಿ ಸ್ಫೋಟ ನಿಲ್ಲಿಸಿ ಎಂದು ಕೇಳಿ. ಕೇಳದಿದ್ದರೆ ಇಲಾಖೆಗೆ ಬರೆದು ಕೊಡಿ. ಕಾಗದ ಪತ್ರದ ಕೆಲಸ ಬೇಸರ ತರಿಸುತ್ತದೆ, ಗೊತ್ತು. ಅದರ ಜೊತೆಗೆ ನಾಯಿಗಳಿಗೆ ಲಸಿಕೆ ಹಾಕುವ ದಿನವನ್ನೂ ಗೊತ್ತು ಮಾಡಿದರೆ ತಿಳಿಸಿ, ಮೊಣಕಾಲು ನೋವಿದ್ದರೂ ನಾನೂ ಬಂದು ನಾಯಿ ಹಿಡಿದುಕೊಳ್ಳುತ್ತೇನೆ.